ಕೂದಲು ಬೆಳೆಯುವ ಊರು

ನಮ್ಮ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ. ಎರಡು ಕುರ್ಚಿಯ ಕ್ಷೌರದಂಗಡಿ ನಮ್ಮದು. ಕತ್ತರಿ ನಿಂತರೂ ಇವರ ಬಾಯಿ ನಿಲ್ಲುವುದಿಲ್ಲ. ಕತ್ತಿನ ಹತ್ತಿರ ರೇಜರ್ ಇರುವಾಗ ಗಿರಾಕಿ ತಾನೇ ಎಲ್ಲಿಗೆ ಎದ್ದು ಹೋದಾನು? ಕಣ್ಣು ಮುಚ್ಚಿ ಹೂಂಗುಟ್ಟುತ್ತಾನೆ. ಅರ್ಧ ಜನ ಗೊರಕೆಯನ್ನೂ ಹೊಡೆಯುತ್ತಾರೆ.

ಎರಡನೇ ಕುರ್ಚಿಯಲ್ಲಿ ಕ್ಷೌರ ಮಾಡುವವನು ಇವರ ತಮ್ಮ. ಒಡಹುಟ್ಟಿದವನಲ್ಲ, ಬೇರೆ ದೇಶದಿಂದ ಬಂದು, ನಮ್ಮ ಭಾಷೆಯನ್ನು ಗಿರಾಕಿಗಳ ಬಾಯಿಂದಲೇ ಕಲಿತವನು. ನನ್ನನ್ನು ಅತ್ತಿಗೆ ಎನ್ನುತ್ತಾನೆ. ಅವನ ಕತ್ತಿನ ಗಂಟನ್ನು ಮೊದಲು ಕಂಡದ್ದು ನಮ್ಮವರೇ, ಅವನಿಗೆ ಕ್ಷೌರ ಮಾಡುವಾಗ. ಬೇಗ ಚಿಕಿತ್ಸೆ ಕೊಡಿಸಿದರೆ ಉಳಿಯುತ್ತಾನೆ ಎಂದರು ಡಾಕ್ಟರು. ಆಸ್ಪತ್ರೆಯವರು ಹೇಳಿದ ಖರ್ಚಿಗೆ ಅಂಗಡಿ ಮಾರಿದರೂ ಸಾಲದು.

ಅದೇ ಹೊತ್ತಿಗೆ ಸರ್ಕಾರ ಹೊಸ ಕಾನೂನು ತರಲು ಹೊರಟಿತ್ತು. ಕೈಲಾದಷ್ಟು ಕಂತು ಕಟ್ಟಿದರೆ ಆಸ್ಪತ್ರೆಯ ಖರ್ಚು ಸರ್ಕಾರದ್ದು. ಆದರೆ ಅದು ನಾಗರಿಕರಿಗೆ ಮಾತ್ರ, ತಮ್ಮನಿಗಲ್ಲ.

"ನಾಗರಿಕ ಅನ್ನೋದನ್ನ ತೆಗೆದು ನಿವಾಸಿ ಅಂತ ಹಾಕ್ಲಿ, ಒಂದು ಪದ ಅಷ್ಟೇ," ಎಂದು ಶುರು ಹಚ್ಚಿಕೊಂಡರು ನಮ್ಮವರು. ನೊರೆ ಹಚ್ಚಿದ ಮುಖಗಳಿಗೆಲ್ಲ ಅದೇ ಪುರಾಣ. "ಕೂದಲು ಎಲ್ಲಿ ಬೆಳೆಯುತ್ತೋ ಮನುಷ್ಯ ಅಲ್ಲಿಯವನು. ನಮ್ ತಮ್ಮ ಹುಟ್ಟಿದೂರಿಂದ ಹೊತ್ತು ತಂದ ಕೂದಲನ್ನ ನಾನು ಯಾವತ್ತೋ ಕತ್ತರಿಸಿ ಗುಡಿಸಿ ಹಾಕಿದೀನಿ. ಈಗ ಅವನ ತಲೆ ಮೇಲಿರೋದೆಲ್ಲ ಇಲ್ಲೀದೇ!"

"ನಿದ್ದೆ ಮಾಡೋರ ಹತ್ರ ಹೇಳಿ ಏನು ಬಂತು? ಗಂಟಲು ನೋವಷ್ಟೇ," ಎಂದು ನಾನು ರೇಗುತ್ತಿದ್ದೆ.

ಜನರ ಅಭಿಪ್ರಾಯ ಕೇಳಲು ಸರ್ಕಾರದವರು ಸಭೆ ಕರೆದರು. ನಮ್ಮವರು ಇದ್ದುದರಲ್ಲೇ ಒಳ್ಳೆಯ ಅಂಗಿ ತೊಟ್ಟು ಮೈಕಿನ ಮುಂದೆ ನಿಂತರು. ಪಕ್ಕದಲ್ಲಿದ್ದ ತಮ್ಮನ ಕತ್ತು ನೋಡಿದರು. ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿ ಎಂದು ಬಯ್ದವಳು, ಏನಾದರೂ ಮಾತಾಡಲಿ ದೇವರೇ ಎಂದು ಕೈ ಹಿಸುಕಿಕೊಳ್ಳುತ್ತ ಕೂತೆ.

ಆಗ ಹಿಂದಿನ ಸಾಲಿನಿಂದ ಅಂಚೆಯವರು ಎದ್ದರು. ನಮ್ಮ ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಗೊರಕೆ ಹೊಡೆಯುವವರು ಅವರೇ. "ಇವ್ರು ಹೇಳಕ್ಕೆ ಬಂದಿದ್ದು ನಂಗೊತ್ತು ಸ್ವಾಮಿ," ಎಂದರು. "ಕೂದಲು ಎಲ್ಲಿ ಬೆಳೆಯುತ್ತೋ ಮನುಷ್ಯ ಅಲ್ಲಿಯವನು." ಆಮೇಲೆ ಬೇಕರಿಯವರು, ಶಾಲೆಯ ಮೇಷ್ಟ್ರು, ಬಸ್ಸಿನ ಡ್ರೈವರು. ಒಬ್ಬರಾದ ಮೇಲೊಬ್ಬರು ಎದ್ದು ಹೇಳಿದ್ದು ನಮ್ಮವರದೇ ಮಾತು, ಎಳೆದದ್ದು ನಮ್ಮವರದೇ ರಾಗ, ಗುಡಿಸಿ ಹಾಕಿದ ಕೂದಲಿನ ಕಥೆ ಸಮೇತ. ಇವರೆಲ್ಲ ಕೇಳಿಸಿಕೊಂಡಿದ್ದರು! ಕಣ್ಣು ಮುಚ್ಚಿಕೊಂಡೇ, ಒಂದು ಮಾತೂ ಬಿಡದೆ. ಅಂಥ ದೊಡ್ಡ ಸಭೆಯಲ್ಲಿ ನಮ್ಮವರು ಮಾತ್ರ ಬಾಯಿ ತೆರೆದುಕೊಂಡು ಕೇಳುತ್ತ ನಿಂತಿದ್ದರು.

ಕಾನೂನಿನಲ್ಲಿ ಆ ಪದ ಬದಲಾಯಿತು.

ತಮ್ಮ ಆಸ್ಪತ್ರೆ ಸೇರಿದ. ಔಷಧಿಗೆ ಗಂಟು ಕರಗಿತು, ಜೊತೆಗೆ ತಲೆಕೂದಲೂ ಪೂರ್ತಿ ಉದುರಿತು. ಕನ್ನಡಿಯಲ್ಲಿ ನೋಡಿಕೊಂಡು, "ಅಣ್ಣಾ, ಈಗ ನಾನು ಯಾವೂರೋನು?" ಎಂದು ನಕ್ಕ. ನಮ್ಮವರಿಗೆ ನಗು ಬರಲಿಲ್ಲ. ಎದ್ದು ಹೊರಗೆ ಹೋದರು.

ಮೊನ್ನೆ ಅಂಗಡಿಯಿಂದ ನನ್ನನ್ನು ಕೂಗಿದರು. ಗಾಬರಿಯಾಗಿ ಓಡಿದೆ. ತಮ್ಮ ಎರಡನೇ ಕುರ್ಚಿಯಲ್ಲಿ ಬಟ್ಟೆ ಹೊದ್ದು ಕೂತಿದ್ದ. ನಮ್ಮವರ ಅಂಗೈ ಅವನ ನುಣ್ಣನೆ ತಲೆಯ ಮೇಲಿತ್ತು.

"ಇಲ್ಲಿ ಮುಟ್ಟಿ ನೋಡೇ," ಎಂದರು. "ಬೆಳೀತಾ ಇದೆ."