ಬಸಿಲಿಸಕ್ಕ ತಪ್ಪಿಸಿದ ಸ್ವರ

ಬಸಿಲಿಸಾ ಯಾವತ್ತೂ ಸುಳ್ಳು ಹೇಳಿದವಳಲ್ಲ. ಸಿಕಿಹೋರ್ ದ್ವೀಪದ ಆ ಕಡಲತಡಿಯ ಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೌದು ಅನ್ನುತ್ತಾರೆ. ಹಾಗಂದು ಕೊಂಚ ನಗುತ್ತಾರೆ.

ಡೆನ್ಮಾರ್ಕಿನ ನಿವೃತ್ತ ಮೇಷ್ಟ್ರು ತೋರ್ಬೆನ್ ಅವಳ ತೆಂಗಿನ ಮರಗಳ ತುಂಡುಜಾಗ ನೋಡಲು ಬಂದವನು, "ಇಲ್ಲಿ ಪ್ರಶಾಂತವಾ?" ಎಂದು ಕೇಳಿದ್ದ. ಅವಳು ಸುತ್ತ ಕಣ್ಣಾಡಿಸಿದಳು. ಬುಧವಾರದ ಮಟಮಟ ಮಧ್ಯಾಹ್ನ. ಊರಿಗೆ ಊರೇ ಉಂಡು ಮಲಗಿತ್ತು. ನಾಯಿಗಳಿಗೂ ಬೊಗಳುವ ಮನಸ್ಸಿರಲಿಲ್ಲ.

"ನೀನೇ ನೋಡ್ತಿದೀಯಲ್ಲಪ್ಪ," ಎಂದಳು.

ಪರದೇಶದವರು ಅಲ್ಲಿ ನೆಲ ಕೊಳ್ಳುವಂತಿಲ್ಲ. ಹಾಗಾಗಿ ತೋರ್ಬೆನ್ ಜಾಗವನ್ನು ದೀರ್ಘ ಗುತ್ತಿಗೆಗೆ ಹಿಡಿದು, ಕಡಲಿಗೆ ಮುಖ ಮಾಡಿದ ಪುಟ್ಟ ಮನೆ ಕಟ್ಟಿಸಿದ. ಮನೆಗೆ ಬಂದ ಮೊದಲ ಶನಿವಾರ ಸಂಜೆ, ಬೇಲಿಯಾಚೆ ಬಸಿಲಿಸಾಳ ಅಂಗಡಿಯ ಮುಂದೆ, ತಾಳ ನುಡಿಸಿ ಹಾಡಿದವರಿಗೆ ನೂರಕ್ಕೆ ಅಂಕ ಕೊಡುವ ಕರೋಕೆ ಪೆಟ್ಟಿಗೆ ಬಾಯಿಬಿಟ್ಟಿತು. ಪಾಪ, ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ, ಬೇಸರವಾದೀತು ಎಂದು ಬಸಿಲಿಸಾ ಸ್ಪೀಕರನ್ನು ಅವನ ಮನೆಯತ್ತಲೇ ತಿರುಗಿಸಿದ್ದಳು. ಹಾಡಿದವಳೂ ಅವಳೇ. ಊರಿನಲ್ಲಿ ಅವಳಷ್ಟು ಚೆನ್ನಾಗಿ ಹಾಡುವವರು ಇನ್ನೊಬ್ಬರಿರಲಿಲ್ಲ. ಇದೂ ಅವಳೇ ಹೇಳಿದ್ದು.

ಕೆಲವು ಶನಿವಾರ ಸಹಿಸಿಕೊಂಡ ತೋರ್ಬೆನ್ ಕೊನೆಗೆ ಊರ ಮುಖ್ಯಸ್ಥ ಕ್ರಿಸ್ಪುಲೊ ಹತ್ತಿರ ದೂರು ಒಯ್ದ. ಪಂಚಾಯಿತಿಗೆ ಊರೆಲ್ಲ ಸೇರಿತು. ಬಸಿಲಿಸಾ ಚರ್ಚಿಗೆ ಉಡುವ ಹೂವಿನ ಲಂಗ ಉಟ್ಟು ಬಂದು ಮುಂದೆಯೇ ಕೂತಳು.

"ಸದ್ದು ಜಾಸ್ತಿ ಆಯ್ತಾ ಸಾರ್?" ಕ್ರಿಸ್ಪುಲೊ ಕೇಳಿದ.

"ಸದ್ದು ಪರವಾಗಿಲ್ಲ," ತೋರ್ಬೆನ್ ಕಲಿತಷ್ಟು ಭಾಷೆಯನ್ನು ಹೆಕ್ಕಿ ಹೆಕ್ಕಿ ಜೋಡಿಸಿದ. "ಆ ಪ್ರೇಮದ ಹಾಡು... ಕೊನೆ ಸಾಲು... ಮೇಲೆ ಹೋಗಬೇಕು. ಅಕ್ಕ ಕೆಳಗೆ ಹೋಗ್ತಾರೆ. ಪ್ರತಿ ಸಲ. ನಾನು ಹಾಸಿಗೆ ಮೇಲೆ ಕಾಯ್ತೀನಿ, ಇವತ್ತಾದ್ರೂ ಮೇಲೆ ಹೋಗ್ತಾರಾ ಅಂತ. ಹೋಗಲ್ಲ. ನನಗೆ ನಿದ್ದೆ ಬರಲ್ಲ."

ಅವನು ನಲವತ್ತು ವರ್ಷ ಮಕ್ಕಳಿಗೆ ಸಂಗೀತ ಕಲಿಸಿದ್ದನೆಂದು ಊರಿಗೆ ಗೊತ್ತಾದದ್ದೇ ಆಗ. ಸಭೆ ಬಿದ್ದು ಬಿದ್ದು ನಕ್ಕಿತು. ಬಸಿಲಿಸಾಳ ಮುಖ ಸುಟ್ಟ ಬದನೆಕಾಯಿಯಾಯಿತು.

"ನನಗೆ ಪೆಟ್ಟಿಗೆ ತೊಂಬತ್ತೆಂಟು ಅಂಕ ಕೊಡುತ್ತೆ! ಇವನ್ಯಾರು ಕೇಳೋಕೆ?"

"ಅಕ್ಕ, ಆ ಪೆಟ್ಟಿಗೆ ನನ್ನ ಗಂಡ ಕೆಮ್ಮಿದ್ದಕ್ಕೂ ತೊಂಬತ್ತು ಕೊಟ್ಟಿತ್ತು," ಎಂದಳು ಪಕ್ಕದ ಮನೆಯ ಲೂರ್ದಿತಾ.

ಕ್ರಿಸ್ಪುಲೊ ತೀರ್ಪು ಕೊಟ್ಟ: ತಪ್ಪು ಕಂಡವರೇ ತಿದ್ದಬೇಕು.

ಬಸಿಲಿಸಾ ಮೊದಲ ದಿನ ಅವನ ಮನೆಗೆ ಪಾಠಕ್ಕೆ ಹೋದದ್ದು ಜಗಳಕ್ಕೆಂದೇ. ತೋರ್ಬೆನ್ ಚಮಚದಿಂದ ಮೇಜು ಕುಟ್ಟಿದ, ಕೈಯನ್ನು ಮೇಲೆತ್ತಿ ತೋರಿಸಿದ, ಹುಬ್ಬನ್ನೂ ಏರಿಸಿದ. ಅವಳ ಗಂಟಲು ಮಾತ್ರ ಇಳಿಜಾರು ಕಂಡ ಸೈಕಲ್ಲಿನಂತೆ ಕೆಳಕ್ಕೇ ಓಡುತ್ತಿತ್ತು. ಆದರೂ ಛಲ ಬಿಡಲಿಲ್ಲ. ಹೋಗುವಾಗೆಲ್ಲ ಒಣಮೀನು, ಬಾಳೆಎಲೆಯಲ್ಲಿ ಬೇಯಿಸಿದ ಅಂಟಕ್ಕಿಯ ಸಿಹಿ ಒಯ್ದಳು. ಬಿಟ್ಟಿ ಪಾಠ ಅವಳಿಗೆ ಒಗ್ಗದು. ಅವಳ ಅರವತ್ತನೆಯ ಹುಟ್ಟುಹಬ್ಬ ಹತ್ತಿರವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಸ್ವರ ತಾನಾಗಿ ಮೇಲಕ್ಕೇರಿ ನಿಂತಿತು. ಇಬ್ಬರೂ ಬೆಚ್ಚಿದರು. ತೋರ್ಬೆನ್ ಕಣ್ಣೊರೆಸಿಕೊಂಡ. ಬಸಿಲಿಸಾ, "ಇಷ್ಟೇನಾ?" ಎಂದು ಎದ್ದುಹೋದಳು. ಕಾಲು ಮಾತ್ರ ನೆಲದ ಮೇಲಿರಲಿಲ್ಲ.

ಹುಟ್ಟುಹಬ್ಬಕ್ಕೆ ಇಡೀ ಹಂದಿಯನ್ನು ಕೆಂಡದ ಮೇಲೆ ಸುಟ್ಟಿದ್ದರು. ನೆಂಟರೆಲ್ಲ ಸುತ್ತ ನೆರೆದರು. ಬಸಿಲಿಸಾ ಮೈಕು ಹಿಡಿದು ಅದೇ ಹಾಡು ಹಾಡಿದಳು, ಕೊನೆಯ ಸಾಲನ್ನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೇ ಒಯ್ದು ನಿಲ್ಲಿಸಿದಳು. ಪೆಟ್ಟಿಗೆ ಸ್ವಲ್ಪ ಯೋಚಿಸಿ ಎಪ್ಪತ್ತೊಂದು ಅಂಕ ತೋರಿಸಿತು.

"ಹಾಡೇನೋ ಚೆನ್ನಾಗಿತ್ತಕ್ಕ," ಎಂದಳು ಲೂರ್ದಿತಾ. "ಆದ್ರೆ ನಮ್ಮ ಬಸಿಲಿಸಕ್ಕ ಎಲ್ಲಿಗೆ ಹೋದ್ಲು ಅಂತ!"

ಆಗ ಎದ್ದವನು ತೋರ್ಬೆನ್. ಮುಖ ಕೆಂಪೇರಿಸಿಕೊಂಡು ಪೆಟ್ಟಿಗೆಯ ಮುಂದೆ ನಿಂತು, "ನಿನಗೆ ಕಿವಿ ಇದೆಯಾ? ಕಿವಿ ಎಲ್ಲಿ?" ಎಂದು ಅರಚತೊಡಗಿದ. ಆ ಕೂಗಿಗೆ ದೋಣಿ ಕಟ್ಟುತ್ತಿದ್ದವರೂ ಓಡಿಬಂದರು. ಕ್ರಿಸ್ಪುಲೊ ಅವನ ಭುಜ ತಟ್ಟಿ, "ಸಾರ್, ಸದ್ದು ಜಾಸ್ತಿ ಆಯ್ತು," ಎಂದ. ಜನ ಸುಮ್ಮನಿರಲಿಲ್ಲ, ಮೈಕನ್ನು ಅವನ ಕೈಗೇ ತುರುಕಿದರು. ಅವನು ತನ್ನ ಊರಿನ ಯಾವುದೋ ಹಾಡನ್ನು ಗೊಣಗಿದ, ಪೆಟ್ಟಿಗೆಯಲ್ಲಿ ಓಡುತ್ತಿದ್ದ ತಾಳವೇ ಬೇರೆ. ಅಂಕ ತೊಂಬತ್ತೊಂಬತ್ತು.

ಬಸಿಲಿಸಾ ಒಂದು ವಾರ ಅವನೊಂದಿಗೆ ಮಾತು ಬಿಟ್ಟಳು. ಎಂಟನೆಯ ದಿನ ಬೇಲಿಯ ಮೇಲಿನಿಂದ ಮೀನಿನ ಸಾರಿನ ಪಾತ್ರೆ ಚಾಚಿ, "ತೊಂಬತ್ತೊಂಬತ್ತು ಬಂದೋರು ಉಪ್ಪು ಸರಿ ಇದೆಯಾ ನೋಡಿ," ಎಂದಳು.

ಅಲ್ಲಿಂದೀಚೆಗೆ ಶನಿವಾರಗಳಂದು, ನಾಲ್ಕು ಜನ ಸೇರಿದಲ್ಲಿ, ಅವಳು ಹಳೆಯ ಹಾಗೇ ಹಾಡುತ್ತಾಳೆ. ಜನಕ್ಕೆ ಬೇಕಾದದ್ದು ಅದು. ಬೆಳಿಗ್ಗೆ ಒಬ್ಬಳೇ ಬಾವಿಕಟ್ಟೆಯಲ್ಲಿ ಮೀನು ಹಸನು ಮಾಡುವಾಗ ಮಾತ್ರ, ತಗ್ಗಿದ ದನಿಯಲ್ಲಿ, ಆ ಸ್ವರವನ್ನು ಮೇಲಕ್ಕೆತ್ತಿ ನೋಡುತ್ತಾಳೆ. ಬೇಲಿಯಾಚೆ ತೋರ್ಬೆನ್ ಗಿಡಗಳಿಗೆ ನೀರು ಹಾಕುತ್ತ, ಹಾಕಿದ ಗಿಡಕ್ಕೇ ಮತ್ತೆ ಹಾಕುತ್ತ ನಿಂತಿರುತ್ತಾನೆ. ಚೆನ್ನಾಗಿತ್ತು ಎಂದು ಒಮ್ಮೆಯೂ ಹೇಳಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾಳೆ ಎಂದು ತಿಳಿಯುವಷ್ಟು ಕಾಲ ಅವನೂ ಆ ಊರಿನಲ್ಲಿ ಬಾಳಿದ್ದಾನೆ.