ಮೂರನೇ ಕೊಳದ ಕತ್ತರಿ ಹಕ್ಕಿ

ಕೊಳಗಳ ದಾರಿಯಲ್ಲಿ ಒಮ್ಮೆಯಾದರೂ ನಡೆದವರಿಗೆ ಹಲಗೆ ಮಾವ ಗೊತ್ತು. ಐದು ಕೊಳ, ನಡುವೆ ಜೌಗು, ಜೌಗಿನ ಮೇಲೆ ಹಲಗೆ ಜೋಡಿಸಿದ ಕಿರುದಾರಿ. ಕೊಳೆತ ಹಲಗೆ ಕಿತ್ತು ಹೊಸದು ಬಡಿಯುವುದು ಅವನ ನೌಕರಿ. ಆದರೆ ಅವನ ಜಂಬವೆಲ್ಲ ಇನ್ನೊಂದು ಕೆಲಸದ ಮೇಲೆ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದು, ಜೀವಗಳೆಲ್ಲ ಉಳಿದ ನೀರಿನ ಸುತ್ತ ಸೇರುವ ಹದಿನೈದು ದಿನ, ಬೆಳಗ್ಗೆ ದಾರಿಯುದ್ದಕ್ಕೂ ನಡೆದು ಎಣಿಸಿ, ಕೊಳಗಳನ್ನು ನೋಡಿಕೊಳ್ಳುವ ಕಚೇರಿಗಾಗಿ ಪುಸ್ತಕದಲ್ಲಿ ಬರೆಯುತ್ತಿದ್ದ. ನೀರಿನ ಮೇಲಿನವನ್ನು ಕಣ್ಣಿನಿಂದ, ಜೊಂಡಿನೊಳಗಿನವನ್ನು ಕಿವಿಯಿಂದ. ತಾನು ಕಾಣದ್ದು, ಕೇಳದ್ದು ಒಂದಕ್ಷರ ಬರೆಯಬಾರದು. ಮೂವತ್ತೊಂದು ವರ್ಷ ಆ ನಿಯಮ ಮುರಿದವನಲ್ಲ.

ಮದುವೆಯಾದ ಹೊಸತರಲ್ಲಿ ಹೆಂಡತಿ ಮಧ್ಯಾಹ್ನದ ಡಬ್ಬಿ ಹಿಡಿದು ಮೂರನೇ ಕೊಳದ ತನಕ ಬರುತ್ತಿದ್ದಳು. ಅವಳು ಬಟ್ಟೆ ಹೊಲಿಯುವವಳು. ಒಂದು ದಿನ ಜೊಂಡಿನೊಳಗೆ ಬೆರಳುದ್ದದ ಹಕ್ಕಿಯೊಂದು ಚಿಕ್ ಚಿಕ್ ಎಂದದ್ದು ಕೇಳಿ, ಯಾರೋ ಒಳಗೆ ಕೂತು ಬಟ್ಟೆ ಕತ್ತರಿಸುತ್ತಿದ್ದಾರೆ ಎಂದಳು. ಮಾವ ನಕ್ಕ ನಗೆಗೆ ಅವಳ ಕೈಯ ಡಬ್ಬಿ ನೀರಿಗೆ ಬಿತ್ತು, ಇಬ್ಬರೂ ಉಪವಾಸ. ಅಂದಿನಿಂದ ಪುಸ್ತಕದಲ್ಲಿ ಅದು ‘ಕತ್ತರಿ ಹಕ್ಕಿ’ಯೇ. ಕಚೇರಿಯವರು ಆ ಹೆಸರನ್ನು ಎಲ್ಲೆಲ್ಲೋ ಹುಡುಕಿ ಸುಸ್ತಾದರು. ಎಂಥ ದಿನಗಳು ಅವು! ಆಮೇಲೆ ಅವಳಿಗೆ ಹೊಲಿಗೆ ಹೆಚ್ಚಿತು, ಮಂಡಿ ನೋವು ಬಂತು, ಕೊಳದ ಕಡೆ ಬರುವುದು ತಪ್ಪಿತು.

ಈಗ ಮೂರು ವರ್ಷದಿಂದ ಕತ್ತರಿ ಹಕ್ಕಿಯ ಮುಂದೆ ಮಾವ ‘ಇಲ್ಲ’ ಎಂದೇ ಬರೆಯುತ್ತಿದ್ದ. ಬಿಸಿಲನ್ನು ಬೈದ, ಬೆಕ್ಕುಗಳನ್ನು ಬೈದ. ಮನೆಯಲ್ಲಿ ರೇಡಿಯೋ ಕಿರುಚುವಷ್ಟು ಜೋರು ಮಾಡಿ, ಈಗಿನ ರೇಡಿಯೋಗಳಲ್ಲಿ ದಮ್ಮೇ ಇಲ್ಲ ಎಂದು ಅದನ್ನೂ ಬೈದ. ಕಚೇರಿಯ ಹಿರಿಯ ಅಧಿಕಾರಿ ಮೂರೂ ‘ಇಲ್ಲ’ಗಳನ್ನು ನೋಡಿ, ಆ ಹಕ್ಕಿಯೂ ಇಲ್ಲದ ಮೇಲೆ ಮೂರನೇ ಕೊಳದಲ್ಲಿ ಉಳಿಸುವಂಥದ್ದೇನೂ ಇಲ್ಲ, ಈ ಎಣಿಕೆ ಮುಗಿದ ಮೇಲೆ ಮಣ್ಣು ತುಂಬಿ ವಾಹನ ನಿಲ್ಲಿಸುವ ಜಾಗ ಮಾಡೋಣ ಎಂದು ಆದೇಶ ಹೊರಡಿಸಿದ. ಮಾವನಿಗೆ ಎರಡು ದಿನ ಊಟ ಸೇರಲಿಲ್ಲ.

ಮಣ್ಣು ತುಂಬುವ ಮೊದಲು ಕೊಳವನ್ನು ಒಂದು ಸಲ ನೋಡಬೇಕೆಂದು ಹೆಂಡತಿ ಮಂಡಿಗೆ ಪಟ್ಟಿ ಸುತ್ತಿಕೊಂಡು ಹೊರಟಳು. ಮಾವ ಒಂದೊಂದನ್ನೇ ತೋರಿಸಿದ: ದಿಮ್ಮಿಯ ಮೇಲೆ ಕತ್ತು ಚಾಚಿದ ಮುದಿ ಆಮೆ, ಕಂಬಕ್ಕೊಂದರಂತೆ ಕೂತ ಕೆಂಪು ಏರೋಪ್ಲೇನ್ ಚಿಟ್ಟೆ, ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದ ನೀರುಕಾಗೆ, ತಲೆ ಎತ್ತಿ ಈಜುವ ನೀರುಹಾವು, ಒಣಗುತ್ತಿದ್ದ ಕೆಸರಿನಲ್ಲಿ ಬಕದ ಹೆಜ್ಜೆ. ಇಷ್ಟೆಲ್ಲ ಬಿಟ್ಟು ಇಷ್ಟು ವರ್ಷ ಮಿಷನ್ ತುಳಿದೆನಲ್ಲ ಎಂದು ಅವಳು ಪೇಚಾಡಿದಳು.

ಮೂರನೇ ಕೊಳದ ಬಳಿ ಮಾವ ಎಂದಿನಂತೆ ನೂರು ಎಣಿಸುವ ತನಕ ನಿಂತ. ಆಮೇಲೆ ಪುಸ್ತಕ ತೆಗೆದ.

“ನೋಡಿದ್ಯಾ? ಸದ್ದೇ ಇಲ್ಲ,” ಎಂದ.

ತಮಾಷೆ ಮಾಡುತ್ತಿದ್ದಾನೆಂದು ಅವಳು ಮುಖ ನೋಡಿದಳು. ತಮಾಷೆಯಾಗಿರಲಿಲ್ಲ.

“ರೀ,” ಎಂದಳು ಮೆಲ್ಲಗೆ. ಅದೂ ಕೇಳಲಿಲ್ಲವೆಂದು ತೋಳು ಹಿಡಿದು ಜೋರಾಗಿ ಹೇಳಿದಳು: “ನಾಲ್ಕು ಕಡೆಯಿಂದ ಕೂಗ್ತಿವೆ. ನಿಮ್ಗೆ ಕೇಳಿಸ್ತಿಲ್ವಾ?”

ಮಾವ ಹಲಗೆಯ ಮೇಲೆ ಕೂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಿವಿ ಹೋದದ್ದು ತನ್ನದು, ಸಾಯಲು ಹೊರಟದ್ದು ಕೊಳ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ನಾಲ್ಕು ಎಂದು ಬರೆದುಬಿಟ್ಟರೆ ಕೊಳವೂ ಉಳಿಯುತ್ತದೆ, ಎಣಿಕೆಯೂ ಕೈಯಲ್ಲಿರುತ್ತದೆ, ಕೇಳುವವರು ಯಾರು? ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಿದ್ದ. ಕೇಳದ್ದನ್ನು ಬರೆಯಲು ಕೈ ಬರಲಿಲ್ಲ.

ಅಲ್ಲಿಂದ ನೇರ ಕಚೇರಿಗೆ ಹೋದ. ಅಧಿಕಾರಿಯ ಎದುರಿಗೇ ಮೂರೂ ವರ್ಷದ ‘ಇಲ್ಲ’ಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ನನಗೆ ಕೇಳಿಸಲಿಲ್ಲ’ ಎಂದು ಬರೆದು ಸಹಿ ಮಾಡಿದ. ಅಧಿಕಾರಿ ಮರುದಿನ ತಾನೇ ಬಂದು ಕಿವಿಗೊಟ್ಟು ಕೇಳಿ, ಆದೇಶ ಹಿಂದಕ್ಕೆ ತೆಗೆದುಕೊಂಡ. ಹಲಗೆ ಕೆಲಸ ಮಾವನಿಗೇ ಉಳಿಯಿತು. ಎಣಿಕೆಯ ಪುಸ್ತಕ ಮಾತ್ರ ಕಿವಿ ಇರುವವರಿಗೆ ಹೋಗಬೇಕಿತ್ತು, ಅದು ಅವನ ಹೆಂಡತಿಗೆ ಹೋಯಿತು.

ಈಗ ಬೇಸಿಗೆಯ ಕೊನೆಗೆ ಇಬ್ಬರೂ ಹೊರಡುತ್ತಾರೆ. ಮಂಡಿಗಾಗಿ ಅವಳು ಅವನ ಕೈ ಹಿಡಿದಿರುತ್ತಾಳೆ. ಡಬ್ಬಿ ಅವನ ಹೆಗಲಿಗೆ, ನಿನ್ನನ್ನು ನಂಬಿ ಒಮ್ಮೆ ಉಪವಾಸ ಬಿದ್ದದ್ದು ಸಾಕು ಎಂದು ಅವನ ಗೊಣಗಾಟ. ಮೂರನೇ ಕೊಳದಲ್ಲಿ ಅವಳು ನಿಂತು, ಹಕ್ಕಿ ಕೂಗಿದಾಗಲೆಲ್ಲ ಅವನ ಮಣಿಕಟ್ಟಿನ ಮೇಲೆ ಬೆರಳಿನಿಂದ ಒಂದೊಂದು ಸಲ ತಟ್ಟುತ್ತಾಳೆ. ಮಾವ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾನೆ.