ಕನಸಿನ ಏಟಿಗೆ ಊರ ನ್ಯಾಯ

ಹೋಟ್ಲು ಮಾವನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಇಡ್ಲಿ ಪಾತ್ರೆಯ ಹಬೆಯೊಳಗೆ ಬರಿಗೈ ಹಾಕಿ ತಟ್ಟೆ ಎತ್ತಿ ಎತ್ತಿ ಬೆರಳೆಲ್ಲ ಬೆಳ್ಳಗೆ, ನುಣ್ಣಗೆ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. "ನಾನು ಕಳ್ತನ ಮಾಡುದ್ರೂ ಪೊಲೀಸ್ನೋರು ಇಡಿಯಕ್ಕಾಗಕ್ಕಿಲ್ಲ ಕಣವ್ವ" ಎಂದು ನಗುತ್ತಿದ್ದರು. ಕಳ್ಳತನ ಹಾಗಿರಲಿ, ಹೋಟೆಲಿನೊಳಕ್ಕೆ ನುಗ್ಗಿದ ನಾಯಿಯನ್ನು ಗದರಿಸಲೂ ಬಾರದ ಮನುಷ್ಯ. ಅಂಥವರನ್ನು ನಮ್ಮೂರು ಹೆಂಡತಿ ಬಡಿಯುವವನು ಎಂದು ಕರೆಯಿತು. ಸಾಯುವವರೆಗೂ ಹಾಗೇ ಕರೆಯಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಮ್ಮೂರು ಇರುವುದು ಕೆ.ಆರ್.ಪೇಟೆಯಿಂದ ಬೂಕನಕೆರೆ ಕಡೆಗೆ ಹೋಗುವ ದಾರಿಯಲ್ಲಿ. ಮಾವ ನನಗೆ ರಕ್ತಸಂಬಂಧಿಯೇನಲ್ಲ, ಎದುರು ಮನೆಯವರು ಅಷ್ಟೆ. ಅಪ್ಪ ಅವ್ವ ಇಬ್ಬರೂ ಬೆಳಕು ಹರಿಯುವ ಮೊದಲೇ ಕಬ್ಬು ಕಡಿಯಲು ಹೋಗುತ್ತಿದ್ದರಿಂದ ನನ್ನ ಬೆಳಗಿನ ತಿಂಡಿ ಅವರ ಹೋಟೆಲಿನ ಬೆಂಚಿನ ಮೇಲೆ ಆಗುತ್ತಿತ್ತು. ಜಡೆ ಹಾಕುತ್ತಿದ್ದವರು ಅವರ ಹೆಂಡತಿ, ನನಗೆ ಅತ್ತೆ. ಅವರಿಗೆ ಮಕ್ಕಳಿರಲಿಲ್ಲ. ಮಾವ ಗಿರಾಕಿಗಳನ್ನು ಅವರವರ ತಿಂಡಿಯ ಹೆಸರಿನಿಂದಲೇ ಗುರುತಿಸುತ್ತಿದ್ದರು. "ಸಕ್ರೆ ಇಲ್ದಿರೋ ಕಾಪಿ ಬಂದ್ರು ನೋಡು", "ಗಟ್ಟಿ ಚಟ್ನಿ ಯಾಕೋ ಇವತ್ತು ಕಾಣ್ನಿಲ್ವಲ್ಲ" ಎಂದು ಒಳಗಿದ್ದ ಅತ್ತೆಗೆ ಕೂಗುವರು. ಒಮ್ಮೆ ಕುಡಿದು ಬಂದವನೊಬ್ಬ ಲೋಟದ ಕಾಫಿಯನ್ನು ಅವರ ಅಂಗಿಯ ಮೇಲೇ ಎರಚಿದ. ಮಾವ ಒಳಗೆ ಹೋಗಿ ಇನ್ನೊಂದು ಲೋಟ ತಂದಿಟ್ಟು, "ಆರೋಗಿತ್ತೇನೋ, ತಗಳಪ್ಪ, ಇದು ಬಿಸಿ ಅದೆ" ಎಂದರು. ಕುಡಿದವನಿಗೇ ನಾಚಿಕೆಯಾಗಿ ಎದ್ದುಹೋದ.

ಏಳನೇ ಕ್ಲಾಸಿಗೆ ನನ್ನ ಓದು ಸಾಕೆಂದು ಅಪ್ಪ ತೀರ್ಮಾನಿಸಿದಾಗ ಅಡ್ಡ ಬಂದವರೂ ಅವರೇ. "ಲೇ, ಕೂಸ್ನ ಇಸ್ಕೂಲು ಬುಡುಸ್ಬ್ಯಾಡ ಕಣ್ಲಾ. ತಿಂಡಿ ನಂದು, ಓದು ಅವಳ್ದು. ನಿಂದೇನ್ ಗಂಟೋಯ್ತದೆ?" ಎಂದರು. ಅಪ್ಪ ಒಪ್ಪಿಕೊಂಡ. ನಾನಿವತ್ತು ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದರೆ ಅದು ಆ ಒಂದು ಮಾತಿನಿಂದ.

ಮಾವನಿಗೆ ಐವತ್ತು ದಾಟಿದ ಮೇಲೆ ಅತ್ತೆಯ ಕಣ್ಣಿನ ಸುತ್ತ ಮೊದಲ ಸಲ ಕಪ್ಪು ಕಂಡಿತು. ಆಮೇಲೆ ತುಟಿ ಒಡೆಯಿತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಿದ್ದರೆ ಊರು ನಂಬುತ್ತಿತ್ತು. ನಮ್ಮೂರಿನ ಎಷ್ಟೋ ಹೆಂಗಸರು ವರ್ಷಗಟ್ಟಲೆ ಬಚ್ಚಲಲ್ಲಿ ಜಾರುತ್ತಲೇ ಇದ್ದಾರೆ, ಒಬ್ಬರೂ ತಿರುಗಿ ಕೇಳಿದ್ದಿಲ್ಲ. ಅತ್ತೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದರು: "ಅವ್ರು ನಿದ್ದೇಲಿ ಬೀಸುದ್ರು, ನಂಗೆ ತಗುಲ್ತು. ಅವ್ರಿಗೆ ಗ್ಯಾನವೇ ಇರ್ಲಿಲ್ಲ." ನಿಜ ಹೇಳಿದ್ದೇ ತಪ್ಪಾಯಿತು.

ಎದ್ದಾಗ ಅತ್ತೆಯ ಮುಖ ನೋಡಿ ಮಾವ ಮಗುವಿನಂತೆ ಅಳುತ್ತಿದ್ದರಂತೆ. ಮಲಗುವ ಮೊದಲು ಬಲಗೈಯನ್ನು ಹಳೇ ಸೀರೆಯ ಚೂರಿನಿಂದ ಮಂಚದ ಕಾಲಿಗೆ ತಾವೇ ಕಟ್ಟಿಕೊಳ್ಳಲು ಶುರುಮಾಡಿದರು. ಮಣಿಕಟ್ಟಿನ ಬಾಸುಂಡೆ ನೋಡಿ ನಾನು ಕೇಳಿದಾಗ, "ಈ ಕೈ ನನ್ ಮಾತು ಕೇಳಕ್ಕಿಲ್ಲ ಕಣವ್ವ" ಎಂದು ಅದನ್ನು ಪಂಚೆಯೊಳಗೆ ಮುಚ್ಚಿಕೊಂಡರು.

ಪೇಟೆಯ ಡಾಕ್ಟರೊಬ್ಬರ ಬಳಿ ಇಬ್ಬರೂ ಹೋದರು. ಆ ಮಹಾನುಭಾವ ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಎಷ್ಟು ಕುಡೀತೀಯ?" ಮಾವ ಹೆಂಡ ಮುಟ್ಟಿದವರೇ ಅಲ್ಲ. ಪಕ್ಕದಲ್ಲೇ ಕೂತಿದ್ದ ಅತ್ತೆಯನ್ನು ಏನಮ್ಮಾ, ಏನಾಗುತ್ತದೆ ಎಂದು ಕೇಳುವ ಸೌಜನ್ಯವೂ ಇಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸಿದರು.

ಅಷ್ಟರಲ್ಲಿ ನಾಗಮಂಗಲ ಕಡೆಯಿಂದ ಅತ್ತೆಯ ಅಣ್ಣ ಬಂದಿಳಿದ. ದೇವಸ್ಥಾನದ ಜಗಲಿಯ ಮೇಲೆ ನ್ಯಾಯ ಸೇರಿತು. ನಾನೂ ಹೋಗಿದ್ದೆ. ಊರ ಯಜಮಾನರು ಮಾವನನ್ನು ಕೆಳಗೆ ನಿಲ್ಲಿಸಿ ಕೇಳಿದರು.

"ಒಡ್ದ್ಯೋ ಇಲ್ವೋ?"

"ಒಡ್ದೆ."

"ಯಾಕ್ಲಾ ಒಡ್ದೆ?"

"ಗೊತ್ತಾಗ್ನಿಲ್ಲ ಯಜಮಾನ್ರೆ. ಉಚ್ಚುನಾಯಿ ಇವಳ ಮ್ಯಾಕೆ ಬಿತ್ತು. ಓಡ್ಸಕ್ಕೆ ಕೈ ಬೀಸ್ದೆ. ಎಚ್ಚರಾಗಿ ನೋಡುದ್ರೆ ಇವಳ ಮೊಕ."

ಜಗಲಿ ಹಿಡಿಸಲಾರದಷ್ಟು ನಗು. ಅತ್ತೆ ಮುಂದೆ ಬಂದು ಮಾತು ತೆಗೆದರೆ, "ಎಂಗಸ್ರು ಗಂಡುನ್ನ ಬುಟ್ಕೊಟ್ಟಾರಾ? ನೀ ಸುಮ್ಕಿರವ್ವ" ಎಂದರು. ಏಟು ತಿಂದವಳ ಮಾತಿಗೇ ಬೆಲೆಯಿಲ್ಲದ ಮೇಲೆ ಅದೆಂಥ ನ್ಯಾಯ? ನಾನು ಬಾಯಿ ಹಾಕಿದೆ. "ಟೀಚರಮ್ಮ, ಇದು ನಿನ್ ಇಸ್ಕೂಲಲ್ಲ" ಎಂದರು. ಮಾವ ಎಲ್ಲರೆದುರು ಅಡ್ಡಬಿದ್ದು ತಪ್ಪೊಪ್ಪಿಕೊಳ್ಳಬೇಕಾಯಿತು. ಅಣ್ಣ ಅತ್ತೆಯನ್ನು ಎಳೆದುಕೊಂಡೇ ಹೋದ. ವಾರ ತುಂಬುವುದರೊಳಗೆ ಅತ್ತೆ ಒಬ್ಬರೇ ಬಸ್ಸು ಹತ್ತಿ ವಾಪಸು ಬಂದು ರುಬ್ಬಲು ಕೂತರು. ಆದರೆ ಹೋಟೆಲಿಗೆ ಆಗಲೇ ನಾಯಿ ಓಟ್ಲು ಎಂದು ಹೆಸರು ಬಿದ್ದಿತ್ತು. ಇಡ್ಲಿ ತಿನ್ನಲು ಬಂದವರು "ಏನ್ಲಾ, ನಾಯಿ ಬಂದಿತ್ತಾ?" ಎಂದು ಕೇಳಿ ಹಲ್ಲು ಕಿರಿಯುವರು. ಮಾವ ತಲೆತಗ್ಗಿಸಿ ಚಟ್ನಿ ಬಡಿಸುವರು.

ನಾನೇ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಅತ್ತೆಯ ಕಡೆ ಕುರ್ಚಿ ತಿರುಗಿಸಿಕೊಂಡು, "ನಿದ್ದೆಯಲ್ಲಿ ಅವರು ಏನು ಮಾಡ್ತಾರೆ, ಕೂಗ್ತಾರಾ, ಒದೀತಾರಾ, ಎಬ್ಬಿಸಿದರೆ ಏನು ಕನಸು ಅಂತಾರೆ?" ಎಂದು ಒಂದೊಂದಾಗಿ ಕೇಳಿದರು. ಅತ್ತೆ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು, ಕೇಳುವವರೊಬ್ಬರು ಸಿಕ್ಕರಲ್ಲ ಎಂದು. ಆಮೇಲೆ ಡಾಕ್ಟರು ವಾಸನೆ ಗೊತ್ತಾಗುತ್ತದೆಯೇ ಎಂದು ಮಾವನನ್ನು ಕೇಳಿದರು. ಬೇಳೆ ಸೀದರೂ ತಿಳಿಯುವುದಿಲ್ಲ, ನಾನೇ ಒಳಗಿನಿಂದ ಕೂಗಬೇಕು ಎಂದು ಅತ್ತೆಯೇ ಉತ್ತರ ಕೊಟ್ಟರು. ತಲೆಗೂ ಕೈಕಾಲಿಗೂ ತಂತಿ ಅಂಟಿಸಿ, ಆಸ್ಪತ್ರೆಯಲ್ಲೇ ಮಲಗಿಸಿ ನಿದ್ದೆಯ ಪರೀಕ್ಷೆ ಮಾಡಿದರು.

ಅವರು ವಿವರಿಸಿದ್ದು ಇಷ್ಟು. ನಮ್ಮ ನಿದ್ದೆಯಲ್ಲಿ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಹಂತವಿದೆ, ರೆಮ್ ನಿದ್ದೆ ಎನ್ನುತ್ತಾರೆ. ಗಾಢವಾದ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಕನಸಿನಲ್ಲಿ ಓಡಿದರೆ ಕಾಲೂ ಓಡಬಾರದಲ್ಲ, ಅದಕ್ಕೆ ಮಿದುಳಿನ ಬುಡದ ಒಂದು ಭಾಗ ಆ ಹೊತ್ತಿಗೆ ಮೈಯನ್ನು ಸಡಿಲಬಿಟ್ಟು ಸುಮ್ಮನಿರಿಸುತ್ತದೆ. "ಕೈಕಾಲಿನ ಕರೆಂಟು ತೆಗೆದ ಹಾಗೆ. ಇವರಿಗೆ ಆ ಕರೆಂಟು ಹೋಗ್ತಾ ಇಲ್ಲ. ಕನಸಲ್ಲಿ ಮಾಡಿದ್ದನ್ನೇ ಮೈ ಮಾಡುತ್ತೆ. ಹಗಲಿನ ಸ್ವಭಾವಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದರು. ಇನ್ನೊಂದು ಮಾತನ್ನು ನಿಧಾನವಾಗಿ ಹೇಳಿದರು. ಹೀಗಾದವರಲ್ಲಿ ಎಲ್ಲರಿಗೂ ಅಲ್ಲದಿದ್ದರೂ ಬಹಳ ಜನಕ್ಕೆ ವರ್ಷಗಳು ಕಳೆದಂತೆ ಕೈ ನಡುಗುವ, ಮೈ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯೋ, ಮರೆವಿನ ಕಾಯಿಲೆಯೋ ಬರಬಹುದು; ವಾಸನೆ ತಿಳಿಯದಿರುವುದೂ ಅದರ ಮುನ್ಸೂಚನೆ ಇರಬಹುದು. ಅದನ್ನು ತಡೆಯುವ ಔಷಧ ಇನ್ನೂ ಇಲ್ಲ, ಆದರೆ ಏಟು ಬೀಳದಂತೆ ನೋಡಿಕೊಳ್ಳಬಹುದು. ಮಾತ್ರೆ ಕೊಟ್ಟರು, ಬೇರೆ ಬೇರೆ ಹಾಸಿಗೆಯಲ್ಲಿ ನೆಲದ ಮೇಲೆ ಮಲಗಲು ಹೇಳಿದರು, ಕೈ ಕಟ್ಟುವುದನ್ನು ಬಿಡಿಸಿದರು.

ಮಾವ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅಂಗಾರೆ ನಾನು ಕೆಟ್ಟೋನಲ್ವಾ ಡಾಕ್ಟ್ರೆ?" ನಾನು ಕಿಟಕಿ ಕಡೆ ತಿರುಗಿಕೊಂಡೆ.

ಏಟು ನಿಂತಿತು. ನಾನು ಉತ್ಸಾಹದಲ್ಲಿ ಜಗಲಿಯವರಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ಯಜಮಾನರು ಮೀಸೆ ಸವರಿಕೊಂಡು, "ನಿದ್ದೇಲಿ ಒಡೆಯೋ ಕಾಯ್ಲೆನಾ? ಅಂಗಾರೆ ನಮ್ಗೂ ಒಂದೊಂದು ಚೀಟಿ ಬರೆಸ್ಕೊಡವ್ವ" ಎಂದರು. ಮತ್ತೆ ಅದೇ ನಗು. ನಕ್ಕವರಲ್ಲಿ ಹಾಡುಹಗಲೇ ಹೆಂಡತಿಯ ಜುಟ್ಟು ಹಿಡಿದು ಬೀದಿಗೆಳೆದವರು ಇದ್ದರು. ಅವರಿಗೆ ಯಾವ ಜಗಲಿಯೂ ನ್ಯಾಯ ಸೇರಿಸಿರಲಿಲ್ಲ.

ವರ್ಷಗಳು ಉರುಳಿದವು. ಡಾಕ್ಟರು ಹೇಳಿದ್ದೇ ಆಯಿತು. ಮೊದಲು ಮಾವನ ಬಲಗೈಯ ಲೋಟ ತುಳುಕಿತು, ಹೆಜ್ಜೆ ಚಿಕ್ಕದಾಯಿತು, ದನಿ ಗಂಟಲಲ್ಲೇ ಉಳಿಯತೊಡಗಿತು. ಊರು ಆಗಲಾದರೂ ಬಾಯಿ ಮುಚ್ಚಿತೇ? "ಎಂಡ್ತಿಗೆ ಒಡ್ದ ಪಾಪ, ಅದೇ ಕೈ ನಡುಗ್ತಾ ಅದೆ ನೋಡು" ಎಂದಿತು. ಯಾವ ಕಾಯಿಲೆ ಆ ಕೈಯನ್ನು ನಿದ್ದೆಯಲ್ಲಿ ಬೀಸಿಸಿತೋ ಅದೇ ಕಾಯಿಲೆ ಈಗ ಹಗಲಲ್ಲಿ ನಡುಗಿಸುತ್ತಿತ್ತು. ಒಂದೇ ರೋಗಕ್ಕೆ ಮೊದಲು ಅಪರಾಧವೆಂದರು, ಆಮೇಲೆ ಅದನ್ನೇ ಶಿಕ್ಷೆ ಎಂದರು. ಈ ಬುದ್ಧಿಗೆ ನಾನು ಯಾವ ಪಾಠ ಮಾಡಲಿ?

ಮಾವ ಹೋದ ವರ್ಷ ತೀರಿಕೊಂಡರು. ಕೊನೆಗೆ ನುಂಗುವುದೂ ಕಷ್ಟವಾಗಿತ್ತು, ಅತ್ತೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ತಿಥಿಗೆ ಊರೆಲ್ಲ ಬಂದು ಉಂಡಿತು. ಯಜಮಾನರೂ ಬಂದಿದ್ದರು, ಈಗ ಕೋಲು ಊರುತ್ತಾರೆ. ಹೊರಡುವಾಗ ಅತ್ತೆಯ ಮುಂದೆ ನಿಂತು, ಸಮಾಧಾನದ ದನಿಯಲ್ಲೇ, "ಓಗ್ಲಿ ಬುಡವ್ವ. ಇನ್ಮ್ಯಾಕಾದ್ರೂ ಏಟಿಲ್ದೆ ನೆಮ್ಮದಿಯಾಗಿ ಮಲಿಕ್ಕೊ" ಎಂದರು.

ನನ್ನ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದೆ. ಅತ್ತೆ ನನ್ನ ಕೈ ಅದುಮಿ ಎದ್ದು ನಿಂತರು. ಜಗಲಿಯ ಮೇಲೆ ಯಾರೂ ಮಾತಾಡಲು ಬಿಡದಿದ್ದ ಹೆಂಗಸು, ಚಪ್ಪರದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಯಜಮಾನ್ರೆ, ನಮ್ಮೋರು ನಂಗೆ ಒಡ್ದಿದ್ದು ನಿದ್ದೇಲಿ. ನೀವೆಲ್ಲಾ ಅವ್ರಿಗೆ ಒಡ್ದಿದ್ದು ಎಚ್ಚರಾಗಿದ್ಕೊಂಡು."

ಯಾರೂ ನಗಲಿಲ್ಲ.